ಮನಸ್ಸು ಭಾರವಾದಾಗ ಬೆಟ್ಟ ಹತ್ತುವುದು ಹೇಗೆ

ಮೊದಲ ಸಲವೇ 1,712 ಮೀಟರಿನ ಕುಮಾರ ಪರ್ವತಕ್ಕೆ ಹೋಗಬೇಡಿ, ಕಾಲಿನ ಜೊತೆ ಧೈರ್ಯವೂ ಸೋಲುತ್ತದೆ. ಮಾಗಡಿ ಹತ್ತಿರದ ಸಾವನದುರ್ಗ ಸಾಕು. ಬೆಳಿಗ್ಗೆ ಬೇಗ ಹೊರಡಿ, ಬಿಸಿಲೇರಿದರೆ ಬಂಡೆ ಕಾಯುತ್ತದೆ, ಮಳೆಗಾಲದಲ್ಲಂತೂ ಜಾರುತ್ತದೆ, ಆಗ ಬೇಡವೇ ಬೇಡ. ಜಾಸ್ತಿ ಮಾತಾಡದ ಒಬ್ಬ ಗೆಳೆಯ ಜೊತೆಗಿರಲಿ.

ತುದಿ ಎಲ್ಲಿದೆ ಅಂತ ನೋಡಬೇಡಿ. ಬಂಡೆ ಮೇಲೆ ಬಳಿದ ಒಂದು ಬಾಣದ ಗುರುತಿನಿಂದ ಇನ್ನೊಂದಕ್ಕೆ, ಅಷ್ಟೇ ಲೆಕ್ಕ. ಅಳು ಬಂದರೆ ಕೂತು ಅತ್ತುಬಿಡಿ. ಅಪ್ಪ ಹೋದ ಮೇಲೆ ನಾನು ಮೇಲಿನ ನಂದಿ ಮಂಟಪದಲ್ಲಿ ಚಿತ್ರಾನ್ನದ ಡಬ್ಬಿ ತೆರೆದಿಟ್ಟುಕೊಂಡು, ಒಂದು ತುತ್ತೂ ತಿನ್ನದೆ ಸುಮ್ನೆ ಅಳುತ್ತಿದ್ದಾಗ, ಕೋತಿಯೊಂದು ಬಂದು ಡಬ್ಬಿಯನ್ನೇ ಎತ್ತಿಕೊಂಡು ಓಡಿತು. ಆರು ತಿಂಗಳಲ್ಲಿ ಮೊದಲ ಸಲ ನಕ್ಕಿದ್ದೆ!

ಇಳಿಯುವಾಗ ಇನ್ನೂ ನಿಧಾನ. ಮನೆಗೆ ಬಂದ ಮೇಲೂ ನಿದ್ದೆ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.