ಡಯಾಲಿಸಿಸ್‌ನ ಮೂರನೆಯ ಗಂಟೆ: ನನ್ನ ಅನುಭವ

ಜನರಲ್ ವಾರ್ಡಿನಿಂದ ಡಯಾಲಿಸಿಸ್ ಘಟಕಕ್ಕೆ ಬಂದ ಹೊಸತರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಫಿಸ್ಟುಲಾಕ್ಕೆ (ಡಯಾಲಿಸಿಸ್‌ಗೆಂದು ಕೈಯಲ್ಲಿ ಜೋಡಿಸಿದ ರಕ್ತನಾಳಕ್ಕೆ) ಸೂಜಿ ಹಾಕುವ ಕೆಲಸವಲ್ಲ, ಮೂರನೆಯ ಗಂಟೆಯ ಹೊತ್ತಿಗೆ ರೋಗಿಗಳ ಬಿ.ಪಿ. ಕುಸಿಯುತ್ತಿದ್ದುದು. ಮೊದಲು ಆಕಳಿಕೆ, ನಂತರ ಬೆವರು, ಮೀನಖಂಡದಲ್ಲಿ ಸೆಳೆತ, ನಾವು ಯು.ಎಫ್. (ಯಂತ್ರ ಮೈಯ ನೀರು ತೆಗೆಯುವುದನ್ನು) ನಿಲ್ಲಿಸಿ, ಕಾಲು ಎತ್ತರಿಸಿ, ಸಲೈನ್ ಬಿಡುತ್ತಿದ್ದೆವು. ತೆಗೆದ ನೀರನ್ನೇ ಮರಳಿ ತುಂಬಿದಂತಾಗಿ, ರೋಗಿಯು ಡ್ರೈ ವೇಟ್‌ಗಿಂತ, ಅಂದರೆ ಹೆಚ್ಚುವರಿ ನೀರು ಹೋದ ಮೇಲೆ ಇರಬೇಕಾದ ತೂಕಕ್ಕಿಂತ, ಒಂದೆರಡು ಕಿಲೋ ಹೆಚ್ಚಿಗೇ ಉಳಿಯುತ್ತಿದ್ದರು. ಸಲೈನಿನ ಖರ್ಚು ಸಣ್ಣದು. ಆದರೆ ಅರ್ಧಕ್ಕೆ ನಿಂತ ಡಯಾಲಿಸಿಸ್‌ಗೂ ಪೂರ್ತಿ ಹಣ ತೆತ್ತು, ಉಸಿರಾಟ ಕಷ್ಟವಾಗಿ ಎರಡೇ ದಿನಕ್ಕೆ ಮತ್ತೆ ದಾಖಲಾಗುವವರ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಸೋಡಿಯಂ ಪ್ರೊಫೈಲಿಂಗ್, ಅಂದರೆ ಡಯಾಲಿಸಿಸ್ ದ್ರವದ ಸೋಡಿಯಂ ಅನ್ನು ಮೊದಲು ಹೆಚ್ಚಿಟ್ಟು ಆಮೇಲೆ ಇಳಿಸುವುದನ್ನು, ಮಾಡಿ ನೋಡಿದೆವು. ಬಿ.ಪಿ. ಕುಸಿಯದೆ ನಿಂತಿತು, ಆದರೆ ರೋಗಿಗಳು ಬಾಯಾರಿಕೆ ಹೆಚ್ಚಿ, ಮುಂದಿನ ಸರದಿಗೆ ನಾಲ್ಕು ಕಿಲೋದಷ್ಟು ತೂಕ ಏರಿಸಿಕೊಂಡು ಬಂದರು. ವೈದ್ಯರ ಸೂಚನೆಯಂತೆ ಬಿ.ಪಿ. ಮಾತ್ರೆಯನ್ನು ಡಯಾಲಿಸಿಸ್ ಮುಗಿದ ಮೇಲೆ ಕೊಟ್ಟದ್ದು ಕೆಲವರಿಗಷ್ಟೇ ನೆರವಾಯಿತು.

ಡಯಾಲಿಸೇಟ್‌ನ (ಯಂತ್ರದಲ್ಲಿ ರಕ್ತವನ್ನು ಶುದ್ಧಿ ಮಾಡುವ ದ್ರವದ) ಉಷ್ಣತೆಯನ್ನು 37 ಡಿಗ್ರಿಯಿಂದ ಇಳಿಸೋಣವೆಂದು ನಾನು ಹೇಳಿದಾಗ, ಚಳಿ ತಾಳಲಾರದೆ ರೋಗಿಗಳೇ ಎದ್ದು ಹೋಗುತ್ತಾರೆಂದು ಹಿರಿಯ ಸಿಸ್ಟರ್ ನಕ್ಕರು. ಆದರೆ ಶುರುವಿಗೆ ಮುನ್ನ ಎಲ್ಲರ ಜ್ವರ ನೋಡಿ ಬರೆದಿಡುವ ಅಭ್ಯಾಸ ನನಗಿತ್ತು. ಪದೇ ಪದೇ ಕುಸಿಯುತ್ತಿದ್ದವರಲ್ಲಿ ಹಲವರ ಮೈ ಬಿಸಿ 36.3ರ ಆಸುಪಾಸಿನಲ್ಲೇ ಇರುತ್ತಿತ್ತು. ಅಂಥವರಿಗೆ 37 ಡಿಗ್ರಿ ಎಂದರೆ ನಾಲ್ಕು ಗಂಟೆ ಕಾಯಿಸಿದಂತೆಯೇ, ಮೈ ಬಿಸಿಯೇರಿದರೆ ರಕ್ತನಾಳ ಸಡಿಲಗೊಂಡು ಬಿ.ಪಿ. ಇಳಿಯುತ್ತದೆ. ನೆಫ್ರಾಲಜಿಸ್ಟರಿಂದ (ಮೂತ್ರಪಿಂಡ ತಜ್ಞರಿಂದ) ಲಿಖಿತ ಆದೇಶ ಪಡೆದು, ನಾಲ್ಕೈದು ಮಂದಿಗೆ ಸರದಿಗೆ ಅರ್ಧ ಡಿಗ್ರಿಯಂತೆ ಇಳಿಸುತ್ತ, ಅವರವರ ಮೈ ಬಿಸಿಗಿಂತ ಸುಮಾರು ಅರ್ಧ ಡಿಗ್ರಿ ಕೆಳಗೆ ನಿಲ್ಲಿಸಿದೆವು, 35.5ಕ್ಕಿಂತ ಕೆಳಗೆ ಯಾರಿಗೂ ಹೋಗಲಿಲ್ಲ. ತಿಂಗಳೊಳಗೆ ಅವರಲ್ಲಿ ಸಲೈನ್ ಬೇಕಾಗುವ ಸಂದರ್ಭಗಳು ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕಿಳಿದವು.

ಚಳಿಯೆಂದವರಿಗೆ ಕಾಲುಚೀಲ, ತೆಳು ಹೊದಿಕೆ ಸಾಕಾಯಿತು. ಸೂಜಿ ಜಾರಿದರೆ ತಕ್ಷಣ ಕಾಣಬೇಕಾದ್ದರಿಂದ ಫಿಸ್ಟುಲಾ ಇರುವ ಕೈ ಮಾತ್ರ ಹೊರಗೇ ಇರಬೇಕು. ಯಾರಿಗೆ ಇದು ಒಗ್ಗದೆಂದು ಮೊದಲ ಹತ್ತು ನಿಮಿಷದಲ್ಲೇ ತಿಳಿಯುವ ಉಪಾಯವೊಂದಿದೆ. ಅದನ್ನು ನನ್ನ ಜೊತೆ ಪಾಳಿಯಲ್ಲಿ ನಿಲ್ಲುವವರಿಗಷ್ಟೇ ತೋರಿಸುತ್ತೇನೆ. ಎಲ್ಲ ಯಂತ್ರಗಳನ್ನೂ ಒಂದೇ ಅಂಕಿಗೆ ತಣ್ಣಗೆ ಇಡುವುದನ್ನು ನಾನು ಒಪ್ಪುವುದಿಲ್ಲ.

ಒಬ್ಬರಿಗೆ ಮಾತ್ರ ಏನೂ ನಾಟಲಿಲ್ಲ. ಅವರ ತೂಕ 50 ಕಿಲೋ, ಏರಿಸಿಕೊಂಡು ಬರುತ್ತಿದ್ದುದು ನಾಲ್ಕು. ತೆಗೆಯುವ ನೀರು ಮೈತೂಕದ ಕಿಲೋಗೆ ಗಂಟೆಗೆ 13 ಮಿ.ಲೀ. ಮೀರಬಾರದೆಂದರೆ ಅದಕ್ಕೆ ಆರು ಗಂಟೆಗೂ ತುಸು ಹೆಚ್ಚೇ ಬೇಕು, ನಾವು ನಾಲ್ಕರಲ್ಲೇ ತೆಗೆಯುತ್ತಿದ್ದೆವು. ಈ ಲೆಕ್ಕವನ್ನು ಚಾರ್ಟಿನ ಮೇಲೆಯೇ ಬರೆದು ತೋರಿಸಿದ ಮೇಲೆ ಅವರಿಗೆ ವಾರಕ್ಕೊಂದು ಹೆಚ್ಚುವರಿ ಡಯಾಲಿಸಿಸ್ ಮಂಜೂರಾಯಿತು.