ನೋರಜ್ಜಿಯ ತವರು

ಐರ್ಲೆಂಡಿನ ಕೆರಿ ಕೌಂಟಿಯಲ್ಲಿ, ಐವೆರಾ ಪರ್ಯಾಯ ದ್ವೀಪದ ಅಂಚಿನಲ್ಲಿ, ಕಡಲಿಗೆ ಮುಖ ಮಾಡಿದ ಒಂದು ಸ್ಮಶಾನವಿದೆ. ಪ್ರತಿ ನವೆಂಬರಿನಲ್ಲಿ ನನ್ನ ಮಾವನವರು ಅಲ್ಲಿಗೆ ಹೋಗಿ ತಮ್ಮ ತಂದೆತಾಯಿಯ ಸಮಾಧಿಯ ಮುಂದೆ ಪ್ರಾರ್ಥನೆ ಮಾಡುತ್ತಾರೆ. ಆಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಹುಲ್ಲಿನಲ್ಲಿ ಅರ್ಧ ಹೂತುಹೋದ ಒಂದು ಕಾಡುಗಲ್ಲಿನ ಹತ್ತಿರವೂ ಹೂವಿಡುತ್ತಾರೆ. ಆ ಕಲ್ಲಿನ ಮೇಲೆ ಒಂದಕ್ಷರವೂ ಇಲ್ಲ. "ಇದು ಯಾರದು ಮಾವ?" ಎಂದು ಕೇಳಿದರೆ, "ನಮ್ಮ ಅಜ್ಜನ ತಾಯಿಯದು. ನೋರಾ ಅಂತ" ಎಂದರು. ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿರಲಿಲ್ಲ.

ನಾನು ಹಾವೇರಿ ಕಡೆಯವಳು. ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ಹೆಳವರು ಎತ್ತಿನ ಮೇಲೆ ಬಂದು, ನಮ್ಮ ಮನೆಯ ಕಟ್ಟೆಯ ಮುಂದೆ ನಿಂತು ತಲೆಮಾರುಗಳ ಹೆಸರು ಒಪ್ಪಿಸುತ್ತಿದ್ದರು. ಅಜ್ಜಿ ಮೊರದ ತುಂಬ ಜೋಳ ಹಾಕುತ್ತಿದ್ದಳು. ಗಂಡನ ಮನೆತನಕ್ಕೆ ಆ ಹೆಳವಿಯ ಕೆಲಸ ನಾನೇ ಮಾಡೋಣ ಎಂದು ಕುಳಿತೆ. ಒಂದು ಚಳಿಗಾಲದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಮೂರು ಚಳಿಗಾಲ ಹಿಡಿಯಿತು. ಅದರಲ್ಲಿ ಒಂದಿಡೀ ಚಳಿಗಾಲವನ್ನು ಬೇರೆ ಯಾರದೋ ಅಜ್ಜಿಯ ಹಿಂದೆ ಕಳೆದೆ.

ಮನೆತನದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೆರಿಯಲ್ಲಿ ಓಸಲಿವನ್ ಎಷ್ಟು ಸಾಮಾನ್ಯವೋ ಇದೂ ಹೆಚ್ಚುಕಡಿಮೆ ಅಷ್ಟೇ ಸಾಮಾನ್ಯ ಎಂದರೆ ಸಾಕು. ಒಂದೇ ಪ್ಯಾರಿಷಿನಲ್ಲಿ, ಅಂದರೆ ಒಂದು ಚರ್ಚಿನ ವ್ಯಾಪ್ತಿಯಲ್ಲಿ, ಒಂದೇ ಹೆಸರಿನ ಹತ್ತಾರು ಮನೆಗಳು. ಗುರುತಿಗಾಗಿ ಊರಿನವರು ಒಂದೊಂದು ಕವಲಿಗೆ ಒಂದೊಂದು ಅಡ್ಡಹೆಸರು ಇಟ್ಟಿರುತ್ತಾರೆ, ನಮ್ಮ ಕಡೆ ಮೆಣಸಿನಕಾಯಿ, ಉಳ್ಳಾಗಡ್ಡಿ ಎಂದು ಮನೆಗಳನ್ನು ಕರೆದಂತೆ. ಆದರೆ ಪಾದ್ರಿಯ ಪುಸ್ತಕಕ್ಕೆ ಆ ಅಡ್ಡಹೆಸರು ಏರುವುದು ಅಪರೂಪ.

ಜನಗಣತಿ ಸಿಕ್ಕರೆ ಇಷ್ಟು ಕಷ್ಟವಿಲ್ಲ. ಆದರೆ 1922ರ ಜೂನ್ ಕೊನೆಯಲ್ಲಿ, ಅಂತರ್ಯುದ್ಧದ ಆರಂಭದ ಕಾಳಗದಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದ ದಾಖಲೆ ಭಂಡಾರ ಸ್ಫೋಟಗೊಂಡು ಉರಿಯಿತು. 1821ರಿಂದ 1851ರವರೆಗಿನ ಗಣತಿಯ ಹಾಳೆಗಳು ಬಹುಪಾಲು ಅಲ್ಲೇ ಬೂದಿಯಾದವು. 1861ರಿಂದ 1891ರವರೆಗಿನವನ್ನು ಸರ್ಕಾರವೇ ಅದಕ್ಕೆ ಮೊದಲು ನಾಶಮಾಡಿತ್ತು. ಬೆಂಕಿಯ ಮೇಲೆ ಸಿಟ್ಟು ಬರುವುದಿಲ್ಲ, ಸರ್ಕಾರದ ಮೇಲೆ ಬರುತ್ತದೆ. ಇಡಿಯಾಗಿ ಉಳಿದ ಹಳೆಯ ಗಣತಿಗಳು ಎರಡೇ: 1901 ಮತ್ತು 1911. ಹುಟ್ಟು ಸಾವುಗಳ ಸರ್ಕಾರಿ ನೋಂದಣಿ ಶುರುವಾಗಿದ್ದು 1864ರಲ್ಲಿ. ಅದಕ್ಕಿಂತ ಹಿಂದೆ ಹೋಗಬೇಕೆಂದರೆ ಚರ್ಚಿನ ದಫ್ತರವೇ ಗತಿ.

ನಾನು ಸಾವಿನಿಂದ ಹಿಂದಕ್ಕೆ ಹೊರಟೆ. ಆ ಕಾಲದ ಕ್ಯಾಥೊಲಿಕ್ ಪಾದ್ರಿಗಳು ಜ್ಞಾನಸ್ನಾನ (ಹುಟ್ಟಿದ ಕೂಸನ್ನು ಚರ್ಚಿಗೆ ಸೇರಿಸುವ ವಿಧಿ) ಮತ್ತು ಮದುವೆಗಳನ್ನು ಬರೆದಿಟ್ಟರು; ಮಣ್ಣು ಮಾಡಿದ್ದನ್ನು ಬರೆದವರು ಕಡಿಮೆ. ಡಬ್ಲಿನ್ನಿನವರ ಅದೃಷ್ಟವೇ ಬೇರೆ: 1832ರಲ್ಲಿ ತೆರೆದ ಗ್ಲಾಸ್ನೆವಿನ್ ಸ್ಮಶಾನದಲ್ಲಿ ಮೊದಲ ದಿನದಿಂದಲೂ ಲೆಕ್ಕವಿದೆ. ನಮ್ಮ ಪುಣ್ಯಕ್ಕೆ ಕೆರಿ ಕೌಂಟಿ ಕೌನ್ಸಿಲ್ ತನ್ನ ಸ್ಮಶಾನಗಳ ಹಳೆಯ ದಫ್ತರಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಪುಟ ಪುಟ ತಿರುವಿದೆ. 1913ರ ಮಾರ್ಚಿನಲ್ಲಿ ಸಿಕ್ಕಳು: ಹೆಸರು, ವಯಸ್ಸು 76, ಕೊನೆಗೆ ಇದ್ದ ಟೌನ್‌ಲ್ಯಾಂಡ್. ಟೌನ್‌ಲ್ಯಾಂಡ್ ಎಂದರೆ ಇಲ್ಲಿನ ಅತಿ ಚಿಕ್ಕ ನೆಲದ ವಿಭಾಗ. ನಮ್ಮ ಮಜರೆಗಿಂತಲೂ ಚಿಕ್ಕದಿರಬಹುದು, ಕೆಲವಲ್ಲಿ ನಾಲ್ಕೇ ಮನೆ. ಮಾವನವರ ಮನೆ ಈಗಲೂ ಅದೇ ಟೌನ್‌ಲ್ಯಾಂಡಿನಲ್ಲಿದೆ. ಸರ್ಕಾರಿ ಮರಣ ನೋಂದಣಿಯಲ್ಲೂ 76 ಎಂದೇ ಇತ್ತು. ಆ ಕಾಲದ ಐರಿಶ್ ಮರಣ ನೋಂದಣಿಯಲ್ಲಿ ಸತ್ತವರ ತಂದೆತಾಯಿಯ ಹೆಸರು ಇರುತ್ತಿರಲಿಲ್ಲ. ಸುದ್ದಿ ತಿಳಿಸಿದವರ ಹೆಸರಿರುತ್ತಿತ್ತು. ಇಲ್ಲಿ ಮಗನ ಹೆಸರಿತ್ತು.

ಎರಡು ಸರ್ಕಾರಿ ಪುಸ್ತಕಗಳು ಒಂದೇ ಮಾತು ಹೇಳಿದರೆ ನಂಬದೆ ಇರುವುದು ಹೇಗೆ? 1913ರಿಂದ 76 ಕಳೆದೆ, 1837 ಬಂತು. ಅದೇ ಪ್ಯಾರಿಷಿನಲ್ಲಿ 1837ರಲ್ಲಿ ಜ್ಞಾನಸ್ನಾನವಾದ ಒಬ್ಬಳು ಹೊನೋರಾ ಸಿಕ್ಕಳು. ನೋರಾ ಎಂಬುದರ ಪೂರ್ತಿ ರೂಪ ಅದೇ. ತಂದೆ ಡ್ಯಾನಿಯಲ್, ತಾಯಿ ಮೇರಿ. ಕುಣಿದುಬಿಟ್ಟೆ. ಆ ಡ್ಯಾನಿಯಲ್‌ನನ್ನು ಹಿಡಿದು ತೆರಿಗೆಗಾಗಿ ಹೊಲಮನೆಗಳ ಬೆಲೆ ಕಟ್ಟಿದ ಗ್ರಿಫಿತ್ ಮೌಲ್ಯಮಾಪನದ ಪುಸ್ತಕಕ್ಕೆ ಹೋದೆ, ಅಲ್ಲಿಂದ ಇನ್ನೂ ಹಿಂದಿನ, ಚರ್ಚಿಗೆ ಸಲ್ಲಬೇಕಿದ್ದ ಟೈದ್ ತೆರಿಗೆಯ ಪಟ್ಟಿಗೆ ಹೋದೆ. ವಂಶವೃಕ್ಷ ಬರೆದು, ಚೌಕಟ್ಟು ಹಾಕಿಸಿ ಮಾವನವರಿಗೆ ಕೊಟ್ಟೆ. ಅವರು ಅದನ್ನು ಅಡುಗೆಮನೆಯ ಗೋಡೆಗೆ ನೇತುಹಾಕಿದರು.

ಅನುಮಾನ ಬಂದದ್ದು ಗಣತಿಯ ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ. 1901ರಲ್ಲಿ ನೋರಾಳ ವಯಸ್ಸು 50. 1911ರಲ್ಲಿ 74. ಹತ್ತು ವರ್ಷದಲ್ಲಿ ಇಪ್ಪತ್ತನಾಲ್ಕು ವರ್ಷ ಮುದುಕಿಯಾಗಿದ್ದಳು! ಕಾರಣ ಆಮೇಲೆ ತಿಳಿಯಿತು. 1909ರ ಜನವರಿಯಿಂದ 70 ತುಂಬಿದ ಬಡವರಿಗೆ ವೃದ್ಧಾಪ್ಯ ಪಿಂಚಣಿ ಬಂತು, ವಾರಕ್ಕೆ ಐದು ಶಿಲಿಂಗ್. ಜನನ ಪತ್ರವಿಲ್ಲದ ಊರಿನಲ್ಲಿ ಐದು ಶಿಲಿಂಗಿಗಾಗಿ ನಾಲ್ಕಾರು ವರ್ಷ ಸೇರಿಸಿಕೊಳ್ಳದವರು ಯಾರು? ಐರ್ಲೆಂಡಿನ ತುಂಬ ಮುದುಕ ಮುದುಕಿಯರು ಹೀಗೆ ರಾತ್ರೋರಾತ್ರಿ ಹಣ್ಣಾಗಿದ್ದಾರೆ. ಒಮ್ಮೆ ಹೇಳಿದ ವಯಸ್ಸನ್ನು ಸಾಯುವವರೆಗೂ ನಿಭಾಯಿಸಬೇಕಲ್ಲ. ಸತ್ತ ಮೇಲೆ ಮಗನೂ ಅದನ್ನೇ ಬರೆಸಿದ. ನಾನು ನಂಬಿದ ಎರಡು ಪುಸ್ತಕಗಳ ಹಿಂದೆ ಇದ್ದದ್ದು ಒಂದೇ ಬಾಯಿ.

ಇನ್ನೊಂದು ಅನುಮಾನ ಹೆಸರಿನದು. ಇಲ್ಲಿ ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು, ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು ಇಡುವ ರೂಢಿ. ಎಲ್ಲರೂ ಪಾಲಿಸಿದರೆಂದಲ್ಲ, ಆದರೆ ಕೆರಿಯ ರೈತರು ಬಹುಮಟ್ಟಿಗೆ ಪಾಲಿಸುತ್ತಿದ್ದರು. ನೋರಾಳ ಮೊದಲ ಮಗಳು 1870ರವಳು, ಸರ್ಕಾರಿ ಜನನ ನೋಂದಣಿಯಲ್ಲಿ ಅಬಿಗೇಲ್. ನನ್ನ ಚೌಕಟ್ಟಿನಲ್ಲಿದ್ದ ಅಜ್ಜಿಯೋ ಮೇರಿ. ಚರ್ಚಿನ ಪುಸ್ತಕ ತೆಗೆದರೆ ಆ ಅಬಿಗೇಲ್ ಅಲ್ಲಿ ಗಾಬ್ನಟ್ ಆಗಿದ್ದಳು. ಗಾಬ್ನಟ್ ಜೇನುನೊಣಗಳನ್ನು ಕಾಯುವ ಸಂತಳು, ಕಾರ್ಕ್ ಮತ್ತು ಕೆರಿಯ ಹೆಣ್ಣುಮಕ್ಕಳಿಗೆ ಪ್ರಿಯವಾದ ಹೆಸರು. ಇಂಗ್ಲಿಷ್ ಬರೆಯುವ ಗುಮಾಸ್ತನ ಎದುರು ಅದು ಅಬಿಗೇಲ್ ಆಗುತ್ತಿತ್ತು, ಕೆಲವೊಮ್ಮೆ ಡೆಬೋರಾ. ತಮಾಷೆಯೆಂದರೆ ಜ್ಞಾನಸ್ನಾನದ ತಾರೀಖು ಜನನದ ತಾರೀಖಿಗಿಂತ ಮೂರು ವಾರ ಹಿಂದಿತ್ತು. ಹುಟ್ಟುವ ಮೊದಲೇ ಜ್ಞಾನಸ್ನಾನ! ತಡವಾಗಿ ನೋಂದಣಿಗೆ ಹೋದವರು ದಂಡ ತಪ್ಪಿಸಿಕೊಳ್ಳಲು ಹುಟ್ಟಿದ ದಿನವನ್ನು ಮುಂದಕ್ಕೆ ತಳ್ಳುತ್ತಿದ್ದರು. ಅಂದಿನಿಂದ ಎರಡು ಪುಸ್ತಕಗಳು ಜಗಳವಾಡಿದರೆ ನಾನು ಪಾದ್ರಿಯ ಪಕ್ಷ.

ಅಷ್ಟರಲ್ಲಿ ನನ್ನ 1837ರ ಹೊನೋರಾ 1859ರಲ್ಲೇ ಬೇರೊಬ್ಬನನ್ನು ಮದುವೆಯಾದದ್ದೂ ಕಣ್ಣಿಗೆ ಬಿತ್ತು. ಮಾವನವರ ಅಡುಗೆಮನೆಗೆ ಹೋಗಿ ಚೌಕಟ್ಟು ಇಳಿಸಿಕೊಂಡು ಬಂದೆ. ಅವರು ಏನೂ ಹೇಳಲಿಲ್ಲ, ಮೊಳೆಯನ್ನು ಮಾತ್ರ ಅಲ್ಲೇ ಬಿಟ್ಟರು.

ಸಿಕ್ಕು ಬಿಡಿಸಿದ್ದು ಹಾವೇರಿಯಲ್ಲಿರುವ ನನ್ನ ಅವ್ವ. ಫೋನಿನಲ್ಲಿ ಗೋಳು ಹೇಳಿಕೊಳ್ಳುತ್ತಿದ್ದೆ: ನೋರಾಳ ಮದುವೆಯೂ ಸಿಗುತ್ತಿಲ್ಲ, ಗಣತಿಯಲ್ಲಿರುವ ಹಿರಿಯ ಮಗನ ಜ್ಞಾನಸ್ನಾನವೂ ಸಿಗುತ್ತಿಲ್ಲ, ಮಿಕ್ಕವರೆಲ್ಲ ಇದ್ದಾರೆ ಎಂದು. ಅವ್ವ, "ಚೊಚ್ಚಲ ಹೆರಿಗೆ ಗಂಡನ ಮನೆಯಲ್ಲಿ ಯಾಕೆ ಆಗುತ್ತದೆ? ತವರಿನಲ್ಲಿ ನೋಡು" ಎಂದಳು. ಇಲ್ಲಿಯೂ ಮದುವೆ ನಡೆಯುತ್ತಿದ್ದದ್ದು ಹೆಣ್ಣಿನ ಪ್ಯಾರಿಷಿನಲ್ಲಿ. ಮೊದಲ ಮಗುವಿನ ಜ್ಞಾನಸ್ನಾನವೂ ಎಷ್ಟೋ ಸಲ ಅಲ್ಲೇ. ಓದಿದ್ದೆ, ತಲೆಗೆ ಹತ್ತಿರಲಿಲ್ಲ. ಬೆಟ್ಟದಾಚೆಯ ಪ್ಯಾರಿಷಿನಲ್ಲಿ ಹುಡುಕಿದೆ. ಸರ್ಕಾರದ ಐರಿಶ್‌ಜೀನಿಯಾಲಜಿ ಜಾಲತಾಣದಲ್ಲಿ ಕೆರಿಯ ಚರ್ಚು ದಾಖಲೆಗಳಿಗೆ ಸೂಚಿಯಿದೆ, ಅರ್ಧ ಗಂಟೆಯ ಕೆಲಸ. ಮದುವೆ 1868ರ ಫೆಬ್ರವರಿ 25, ಮಂಗಳವಾರ. ಮರುದಿನದಿಂದ ತಪಸ್ಸುಕಾಲ. ಆಷಾಢದಂತೆ ಆ ನಲವತ್ತು ದಿನ ಮದುವೆಯಿಲ್ಲ, ಹಾಗಾಗಿ ಹಿಂದಿನ ದಿನ ಚರ್ಚಿನಲ್ಲಿ ಮದುವೆಗಳ ಸಾಲು. ಅದೇ ಪುಟದಲ್ಲಿ ಇನ್ನೂ ಆರು ಜೋಡಿಗಳಿದ್ದವು.

ಮದುವೆಯ ಸರ್ಕಾರಿ ನೋಂದಣಿಯಲ್ಲಿ ತಂದೆಯ ಹೆಸರಿರುತ್ತದೆ: ಟಿಮೊಥಿ, ರೈತ. ಇನ್ನು ಜ್ಞಾನಸ್ನಾನ. ಸೂಚಿಯಲ್ಲಿ ಟಿಮೊಥಿಯ ಮಗಳು ಹೊನೋರಾ ಇರಲಿಲ್ಲ. ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಪ್ಯಾರಿಷ್ ದಫ್ತರಗಳ ಮೈಕ್ರೋಫಿಲ್ಮ್‌ಗಳನ್ನೆಲ್ಲ ಉಚಿತವಾಗಿ ತೆರೆದಿಟ್ಟಿದೆ. ಆ ಚಿತ್ರಗಳನ್ನೇ ಒಂದೊಂದಾಗಿ ಓದಲು ಕುಳಿತೆ. ಮಸಿ ಹರಡಿದ ಪುಟಗಳು, ಮೇಣದ ಕಲೆ, ಅರ್ಧ ಲ್ಯಾಟಿನ್ ಅರ್ಧ ಇಂಗ್ಲಿಷ್. ನಮ್ಮ ಅಜ್ಜ ಮೋಡಿ ಲಿಪಿಯ ಕಾಗದ ಓದುವಾಗ ಗೊತ್ತಿರುವ ಹೆಸರುಗಳಿಂದ ಅಕ್ಷರ ಹೆಕ್ಕಿ ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ. ನಾನೂ ಹಾಗೆಯೇ ಮಾಡಿದೆ: ಸ್ಪಷ್ಟವಾಗಿದ್ದ ಹೆಸರುಗಳಿಂದ ಆ ಪಾದ್ರಿಯ ವರ್ಣಮಾಲೆಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಅವನ ಟಿ ಮತ್ತು ಎಫ್ ಒಂದೇ ತರಹ. 1846ರ ನವೆಂಬರಿನಲ್ಲಿ ಒನೋರಾ. ತಂದೆ ಥಡೇಯುಸ್, ತಾಯಿ ಗಾಬಿನೆಟ್. ಐರಿಶ್‌ನ ಟೈಗ್ ಎಂಬ ಹೆಸರು ಲ್ಯಾಟಿನ್ನಿನಲ್ಲಿ ಥಡೇಯುಸ್, ಇಂಗ್ಲಿಷಿನಲ್ಲಿ ಟಿಮೊಥಿ. ಟೌನ್‌ಲ್ಯಾಂಡ್ ಮದುವೆಯಲ್ಲಿದ್ದದ್ದೇ. ಜ್ಞಾನಸ್ನಾನದಲ್ಲಿ ಮಗುವಿನ ಪರವಾಗಿ ನಿಂತವಳ ಕುಲನಾಮ, ತಾಯಿಯ ತವರಿನ ಕುಲನಾಮ ಎರಡೂ ಒಂದೇ, ಚಿಕ್ಕಮ್ಮನಿರಬೇಕು. ಐರ್ಲೆಂಡಿನ ಪಾದ್ರಿಗಳು ತಾಯಿಯ ತವರಿನ ಹೆಸರು ಬರೆಯುವುದನ್ನು ಸಾಮಾನ್ಯವಾಗಿ ಮರೆಯುತ್ತಿರಲಿಲ್ಲ. ಆ ಒಂದು ಪದ್ಧತಿಗಾಗಿ ಅವರ ಕೆಟ್ಟ ಕೈಬರಹವನ್ನೆಲ್ಲ ಕ್ಷಮಿಸಿದ್ದೇನೆ.

ಆ ನವೆಂಬರಿಗೆ ಆಲೂಗಡ್ಡೆಯ ಬೆಳೆ ಎರಡನೆಯ ವರ್ಷವೂ ಕೊಳೆತುಹೋಗಿತ್ತು. ಮುಂದಿನ ಪುಟಗಳಲ್ಲಿ ಜ್ಞಾನಸ್ನಾನಗಳು ವಿರಳವಾಗುತ್ತವೆ. ಟೈಗ್ ಮತ್ತು ಗಾಬ್ನಟ್‌ರಿಗೆ ನೋರಾಳಿಗಿಂತ ಮೊದಲು ಮೂವರು ಮಕ್ಕಳಿದ್ದರು. ಆಮೇಲಿನ ಮಗು ಬರುವುದು 1853ರಲ್ಲಿ. ನಡುವೆ ಯಾರು ಸತ್ತರು, ಎಲ್ಲಿ ಹೂತರು ಎಂಬುದಕ್ಕೆ ಆ ಪ್ಯಾರಿಷಿನಲ್ಲಿ ಪುಸ್ತಕವೇ ಇಲ್ಲ.

ಬೆಟ್ಟದಾಚೆಯ ಸ್ಮಶಾನಕ್ಕೂ ಹೋಗಿಬಂದೆ. ಹುರುಪಿನಲ್ಲಿ ಒಂದು ಕಲ್ಲಿನ ಮೇಲಿನ ಹಾವಸೆಯನ್ನು ನಾಣ್ಯದಿಂದ ಕೆರೆಯಲು ಶುರುಮಾಡಿದ್ದೆ. ಹುಲ್ಲು ಕತ್ತರಿಸುತ್ತಿದ್ದ ಮುದುಕರೊಬ್ಬರು ಓಡಿ ಬಂದು ತಡೆದರು. ಕೆರೆದರೆ ಹಾವಸೆಯ ಜೊತೆ ಅಕ್ಷರವೂ ಏಳುತ್ತದೆ, ಸಂಜೆ ಬಾ ಎಂದರು. ಹೊತ್ತು ಇಳಿಯುವಾಗ ಬಿಸಿಲು ಕಲ್ಲಿಗೆ ಓರೆಯಾಗಿ ಬೀಳುತ್ತಿದ್ದಂತೆ, ಮಧ್ಯಾಹ್ನ ಬರಿ ಕಲ್ಲಾಗಿದ್ದದ್ದರ ಮೇಲೆ ಟೈಗ್‌ನ ಹೆಸರು ನೆರಳಾಗಿ ಎದ್ದು ನಿಂತಿತು. ಅಮೆರಿಕದಿಂದ ಮಗ ಹಣ ಕಳಿಸಿ ನಿಲ್ಲಿಸಿದ ಕಲ್ಲು. ಗಾಬ್ನಟ್‌ಳ ಹೆಸರು ಅದರಲ್ಲಿಲ್ಲ.

ಉಳಿದದ್ದು ಒಂದು ಲೆಕ್ಕ. 1911ರ ಗಣತಿಯಲ್ಲಿ ವಿವಾಹಿತ ಹೆಂಗಸರಿಗೆ ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂದು ಕೇಳಿದ್ದರು. ವಿಧವೆಯರು ಉತ್ತರಿಸಬೇಕಾಗಿರಲಿಲ್ಲ. ನೋರಾ ಹೇಳಿದ್ದಳು, ಗಣತಿದಾರ ಅದರ ಮೇಲೆ ಗೀಟು ಎಳೆದಿದ್ದ. ಗೀಟಿನಡಿ ಓದಬಹುದು: ಹುಟ್ಟಿದ್ದು 9, ಇರುವುದು 6. ನನಗೆ ಎಂಟು ಜ್ಞಾನಸ್ನಾನಗಳು ಸಿಕ್ಕಿವೆ, ಎಂಟು ಜನನಗಳು, ಇಬ್ಬರ ಸಾವು. ಒಂಬತ್ತನೆಯದು ಯಾವ ಪುಸ್ತಕದಲ್ಲೂ ಇಲ್ಲ. ಜ್ಞಾನಸ್ನಾನವಾಗುವ ಮೊದಲೇ ತೀರಿಕೊಂಡ ಕೂಸುಗಳನ್ನು ಚರ್ಚಿನ ನೆಲದಲ್ಲಿ ಹೂಳಲು ಬಿಡುತ್ತಿರಲಿಲ್ಲ. ಹೊಲದ ಅಂಚಿನಲ್ಲೋ ಪಾಳು ಕೋಟೆಯ ದಿಬ್ಬದಲ್ಲೋ ರಾತ್ರಿ ಹೊತ್ತು ಹೂತುಬರುತ್ತಿದ್ದರು. ಅಂಥ ಜಾಗಕ್ಕೆ ಕಿಲೀನ್ ಎನ್ನುತ್ತಾರೆ.

ಹೊಸ ವಂಶವೃಕ್ಷವನ್ನು ಹಳೆಯ ಮೊಳೆಗೇ ನೇತುಹಾಕಿ, ಈ ಲೆಕ್ಕವನ್ನು ಮಾವನವರಿಗೆ ಹೇಳಿದೆ. ಅವರು ಬಹಳ ಹೊತ್ತು ಓದಿದರು. ಆಮೇಲೆ ಕಿಟಕಿಯ ಹತ್ತಿರ ಕರೆದು ಮೇಲಿನ ಹೊಲದ ಮೂಲೆಯನ್ನು ತೋರಿಸಿದರು. "ಅಲ್ಲಿ ನಾಲ್ಕೈದು ಬಿಳಿ ಕಲ್ಲುಗಳಿವೆ, ನೋಡು. ನಮ್ಮಪ್ಪ ಆ ಮೂಲೆಗೆ ಯಾವತ್ತೂ ನೇಗಿಲು ಹಾಕಲಿಲ್ಲ. ಯಾಕೆಂದು ನಾನೂ ಕೇಳಲಿಲ್ಲ, ಹಾಕಲೂ ಇಲ್ಲ" ಎಂದರು.