ಕೊರಿಯಾ ಪ್ರವಾಸ: ಗುಡಿಯೂ ಬೆಟ್ಟವೂ ಒಂದೇ ದಾರಿಯಲ್ಲಿ ಸಿಗುವಂತೆ ಯೋಜಿಸುವುದು ಹೇಗೆ?

ದಕ್ಷಿಣ ಕೊರಿಯಾದ ಸಾಮಾನ್ಯ ಪ್ಯಾಕೇಜ್ ಪ್ರವಾಸದಲ್ಲಿ ಸೋಲ್ ನಗರಕ್ಕೇ ಹೆಚ್ಚು ದಿನ ಹೋಗುತ್ತದೆ. ಉಳಿದ ಸಮಯಕ್ಕೆ ‘ಸಂಸ್ಕೃತಿ’ ಎಂದು ಒಂದು ಅರಮನೆ, ‘ಪ್ರಕೃತಿ’ ಎಂದು ಒಂದು ದ್ವೀಪ. ಆದರೆ ಆ ದೇಶದಲ್ಲಿ ಇವೆರಡೂ ಬೇರೆ ಬೇರೆ ಊರುಗಳಲ್ಲಿಲ್ಲ. 1392ರಿಂದ 1910ರವರೆಗೆ ಆಳಿದ ಜೊಸೊನ್ ಅರಸರು ಕನ್ಫ್ಯೂಷಿಯಸ್ ಪಂಥದವರು. ಬೌದ್ಧ ಮಠಗಳನ್ನು ಅವರು ಪೇಟೆಗಳಿಂದ ದೂರ ಇಟ್ಟರು. ಉಳಿದುಕೊಂಡವು ಬೆಟ್ಟದ ಮಡಿಲಿನ ಮಠಗಳೇ. ಇಂಥ ಏಳು ಬೆಟ್ಟದ ಮಠಗಳನ್ನು ಯುನೆಸ್ಕೊ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾಗಾಗಿ ಹಳೆಯ ಕೊರಿಯಾ ನೋಡಬೇಕೆನ್ನುವವರು ಬೆಟ್ಟ ಹತ್ತಲು ತಯಾರಾಗಿಯೇ ಹೋಗಬೇಕು.

ಇಲ್ಲಿ ಕೊಟ್ಟಿರುವುದು ಹತ್ತು ದಿನದ ದಾರಿ. ಸೋಲ್‌ನಲ್ಲಿ ಮೂರು ದಿನ, ಈಶಾನ್ಯ ಕರಾವಳಿಯ ಸೊಕ್ಚೊದಲ್ಲಿ ಎರಡು, ಹಳೆಯ ರಾಜಧಾನಿ ಗ್ಯೊಂಗ್ಜುವಿನಲ್ಲಿ ಮೂರು, ಹೇಇನ್ಸಾ ಮಠದಲ್ಲಿ ಒಂದು ರಾತ್ರಿ, ಮತ್ತೆ ಸೋಲ್.

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ

ಅಕ್ಟೋಬರ್ ಮಧ್ಯದಿಂದ ನವೆಂಬರ್ ಮೊದಲ ವಾರದವರೆಗಿನ ಕಾಲ ಈ ದಾರಿಗೆ ಎಲ್ಲಕ್ಕಿಂತ ಒಳ್ಳೆಯದು. ಎಲೆ ಕೆಂಪಾಗುವುದು ಉತ್ತರದ ಎತ್ತರದ ಶಿಖರಗಳಲ್ಲಿ ಶುರುವಾಗಿ ದಕ್ಷಿಣಕ್ಕೂ ಕೆಳಕ್ಕೂ ಇಳಿಯುತ್ತದೆ. ಸೊಕ್ಚೊ ಬಳಿಯ ಸೊರಾಕ್ಸಾನ್ ಬೆಟ್ಟದಲ್ಲಿ ಅಕ್ಟೋಬರ್ ಎರಡನೇ ಭಾಗದಲ್ಲಿ ಬಣ್ಣ ತುಂಬಿದರೆ, ಗ್ಯೊಂಗ್ಜುವಿಗೆ ಅದು ಬರುವುದು ಒಂದೆರಡು ವಾರ ತಡವಾಗಿ. ನೀವೂ ಉತ್ತರದಿಂದ ದಕ್ಷಿಣಕ್ಕೆ ಹೋದರೆ ಬಣ್ಣದ ಜೊತೆಗೇ ಪ್ರಯಾಣ ಮಾಡಿದಂತಾಗುತ್ತದೆ. ಏಪ್ರಿಲ್ ಮೊದಲ ವಾರ ಗ್ಯೊಂಗ್ಜುವಿನಲ್ಲಿ ಚೆರಿ ಹೂವಿನ ಕಾಲ; ಆದರೆ ವಸಂತದಲ್ಲಿ ಕಾಳ್ಗಿಚ್ಚಿನ ಭಯದಿಂದ ರಾಷ್ಟ್ರೀಯ ಉದ್ಯಾನಗಳ ಎತ್ತರದ ದಾರಿಗಳನ್ನು ಮೇ ಮಧ್ಯದವರೆಗೂ ಮುಚ್ಚಿರುತ್ತಾರೆ. ನವೆಂಬರ್ ಮಧ್ಯದ ನಂತರವೂ ಒಂದು ತಿಂಗಳು ಹಾಗೆಯೇ. ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ ಮಳೆಗಾಲ, ಬಿಟ್ಟುಬಿಡಿ.

ಚಾಂದ್ರಮಾನದ ಎಂಟನೇ ತಿಂಗಳ ಹುಣ್ಣಿಮೆಗೆ ಬರುವ ಚುಸೊಕ್ ಹಬ್ಬ ಮತ್ತು ಚಾಂದ್ರಮಾನ ಹೊಸ ವರ್ಷ ಸೊಲ್ಲಾಲ್, ಇವೆರಡರ ಆಚೀಚೆ ಇಡೀ ದೇಶ ಊರಿಗೆ ಹೊರಟಿರುತ್ತದೆ. ರೈಲಿನಲ್ಲಿ ಸೀಟು ಸಿಗುವುದಿಲ್ಲ, ಸಣ್ಣ ಹೋಟೆಲುಗಳು ಬಾಗಿಲು ಹಾಕಿರುತ್ತವೆ.

ಕಾಗದಪತ್ರ, ಫೋನು, ಪ್ಲಗ್ಗು

ಭಾರತೀಯರಿಗೆ ವೀಸಾ ಬೇಕೇ ಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ದಿನವಾರು ಪ್ರವಾಸದ ಪಟ್ಟಿ ಸಿದ್ಧ ಮಾಡಿಕೊಂಡು ಒಂದೂವರೆ ತಿಂಗಳು ಮೊದಲೇ ಅರ್ಜಿ ಹಾಕಿ. ಅಂತರ್ಜಾಲದಲ್ಲಿ ‘ಕೆ-ಇಟಿಎ’ ಎಂಬ ಪ್ರವೇಶ ಅನುಮತಿ ಮಾಡಿಸಿಕೊಡುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ. ಅದು ವೀಸಾ ವಿನಾಯಿತಿ ಇರುವ ದೇಶದವರಿಗೆ ಮಾತ್ರ. ಇ-ಅರೈವಲ್ ಕಾರ್ಡ್ ಎಂಬ ಆಗಮನ ಪತ್ರವನ್ನು ಇಳಿಯುವ ದಿನಕ್ಕೆ ಮೂರು ದಿನದ ಒಳಗೆ ಅಂತರ್ಜಾಲದಲ್ಲಿ ತುಂಬಬೇಕು. ಅದು ಉಚಿತ.

ನೇವರ್ ಮ್ಯಾಪ್ ಇಲ್ಲವೇ ಕಕಾವೊ ಮ್ಯಾಪ್ ಆ್ಯಪನ್ನು ಇಲ್ಲಿಂದಲೇ ಹಾಕಿಕೊಂಡು ಹೋಗಿ. ನಕ್ಷೆಯ ಸೂಕ್ಷ್ಮ ಮಾಹಿತಿ ದೇಶದ ಹೊರಗೆ ಹೋಗದಂತೆ ಅಲ್ಲಿನ ಸರ್ಕಾರ ಬಹುಕಾಲ ತಡೆದಿದ್ದರಿಂದ ಗೂಗಲ್ ಮ್ಯಾಪ್‌ನ ನಡಿಗೆ ದಾರಿಯನ್ನು ಅಲ್ಲಿ ನೆಚ್ಚಿಕೊಳ್ಳುವಂತಿಲ್ಲ. ನಮ್ಮ ತೆಳು ಎರಡು ಪಿನ್ನಿನ ಚಾರ್ಜರ್ ಅಲ್ಲಿನ ಸಾಕೆಟ್ಟಿಗೆ ಹೊಂದುತ್ತದೆ, ಮೂರು ಪಿನ್ನಿನದು ಹೊಂದುವುದಿಲ್ಲ. ವಿಮಾನ ಇಳಿದ ಕೂಡಲೇ ಯಾವುದೇ ಕನ್ವೀನಿಯನ್ಸ್ ಸ್ಟೋರ್‌ನಲ್ಲಿ ಟಿ-ಮನಿ ಕಾರ್ಡ್ ಕೊಳ್ಳಿ. ಅದಕ್ಕೆ ದುಡ್ಡು ತುಂಬಲು ನೋಟು ಬೇಕಾಗುತ್ತದೆ, ಹಾಗಾಗಿ ಸ್ವಲ್ಪ ವೊನ್ ಕೈಯಲ್ಲಿರಲಿ. ಸಾವಿರ ವೊನ್ ಎಂದರೆ ಸುಮಾರು ಅರವತ್ತು ರೂಪಾಯಿ ಎಂದಿಟ್ಟುಕೊಂಡು ಲೆಕ್ಕ ಹಾಕಬಹುದು. ಅದೇ ಕಾರ್ಡ್ ಸೋಲ್ ಮೆಟ್ರೊದಲ್ಲೂ ಸೊಕ್ಚೊ, ಗ್ಯೊಂಗ್ಜು, ಡೇಗು ಊರಿನ ಬಸ್ಸುಗಳಲ್ಲೂ ನಡೆಯುತ್ತದೆ. ಇಳಿಯುವಾಗಲೂ ಕಾರ್ಡ್ ತೋರಿಸುವುದನ್ನು ಮರೆತರೆ ಮುಂದಿನ ಬಸ್ಸಿನ ರಿಯಾಯಿತಿ ತಪ್ಪುತ್ತದೆ.

ಟಿಕೆಟ್ ಮಾಡುವಾಗ ಊರಿನ ಹೆಸರನ್ನು ಅಕ್ಷರ ಅಕ್ಷರ ನೋಡಿ. ಗ್ಯೊಂಗ್ಜು ಆಗ್ನೇಯದಲ್ಲಿದೆ, ಗ್ವಾಂಗ್ಜು ನೈಋತ್ಯದಲ್ಲಿದೆ, ಗೊಂಗ್ಜು ಪಶ್ಚಿಮದಲ್ಲಿದೆ. ಇಂಗ್ಲಿಷ್ ಲಿಪಿಯಲ್ಲಿ ಇವು ಕಣ್ಣಿಗೆ ಒಂದೇ ಥರ ಕಾಣುತ್ತವೆ. ಹೊರಡುವ ಮೊದಲು ಕೊರಿಯನ್ ಲಿಪಿಯ 24 ಮೂಲಾಕ್ಷರ ಕಲಿತರೆ ಈ ತೊಂದರೆ ಇಲ್ಲ, ಬಸ್ಸಿನ ಬೋರ್ಡೂ ಓದಲು ಬರುತ್ತದೆ. ವ್ಯಂಜನಕ್ಕೆ ಸ್ವರ ಸೇರಿಸಿ ಓದುವುದು ನಮಗೆ ರೂಢಿಯೇ, ಎರಡು ಮೂರು ಸಂಜೆ ಸಾಕು.

ಸೋಲ್: ವಾರ ನೋಡಿ ಅರಮನೆ

ಗ್ಯೊಂಗ್‌ಬೊಕ್‌ಗುಂಗ್ ಅರಮನೆಗೆ ಮಂಗಳವಾರ ರಜೆ, ಚಾಂಗ್‌ಡೊಕ್‌ಗುಂಗ್ ಅರಮನೆಗೆ ಸೋಮವಾರ ರಜೆ. ಎರಡಕ್ಕೂ ಟಿಕೆಟ್ ಮೂರು ಸಾವಿರ ವೊನ್; ಹನ್ಬೊಕ್ ಎಂಬ ಸಾಂಪ್ರದಾಯಿಕ ಉಡುಪು ತೊಟ್ಟು ಹೋದರೆ ಟಿಕೆಟ್ ಬೇಡ. ಮೊದಲನೆಯದು 1395ರದು, ದೊಡ್ಡದು, ಆದರೆ 1592ರ ಜಪಾನಿ ದಾಳಿಯ ಕಾಲದಲ್ಲಿ ಸುಟ್ಟುಹೋಗಿ 1860ರ ದಶಕದಲ್ಲಿ ಮತ್ತೆ ಕಟ್ಟಿದ್ದು. ಈಗ ಕಾಣುವುದರಲ್ಲಿ ಬಹಳಷ್ಟು ಈಚಿನ ಮರುನಿರ್ಮಾಣ. ಒಂದನ್ನೇ ನೋಡಲು ಸಮಯವಿದ್ದರೆ ಚಾಂಗ್‌ಡೊಕ್‌ಗುಂಗ್ ನೋಡಿ. ನೆಲವನ್ನು ಮಟ್ಟ ಮಾಡದೆ ಬೆಟ್ಟದ ಇಳಿಜಾರಿಗೆ ಹೊಂದಿಸಿ ಕಟ್ಟಿದ ಅರಮನೆ ಅದು.

ಅದರ ಹಿಂದಿನ ತೋಟ ಹುವೊನ್‌ಗೆ ಬೇರೆ ಟಿಕೆಟ್, ಗೊತ್ತಾದ ಹೊತ್ತಿಗೆ ಮಾತ್ರ ಪ್ರವೇಶ. ಅಂತರ್ಜಾಲದ ಬುಕಿಂಗ್ ಆರು ದಿನ ಮೊದಲು ಅಲ್ಲಿನ ಬೆಳಿಗ್ಗೆ 10ಕ್ಕೆ, ಅಂದರೆ ನಮ್ಮ 6.30ಕ್ಕೆ ತೆರೆಯುತ್ತದೆ, ಶರತ್ಕಾಲದಲ್ಲಿ ಬೇಗ ಮುಗಿದುಹೋಗುತ್ತದೆ. ಸಿಗದಿದ್ದರೆ ಕೈಚೆಲ್ಲಬೇಡಿ, ಒಂದಷ್ಟು ಟಿಕೆಟ್ ಬಾಗಿಲಿನಲ್ಲೇ ಮಾರುತ್ತಾರೆ. ಬೆಳಿಗ್ಗೆ ತೆರೆಯುವ ಮೊದಲೇ ಹೋಗಿ ಸಾಲಿನಲ್ಲಿ ನಿಲ್ಲಿ. ಹನ್ಬೊಕ್ ತೊಟ್ಟರೂ ತೋಟದ ಟಿಕೆಟ್ ಕೊಳ್ಳಲೇಬೇಕು.

ಎರಡು ಅರಮನೆಗಳ ನಡುವಿನ ಬುಕ್ಚೊನ್ ಬೀದಿಗಳಲ್ಲಿ ಹೆಂಚಿನ ಹಳೆಯ ಮನೆಗಳಿವೆ, ಅವುಗಳಲ್ಲಿ ಜನ ವಾಸವಿದ್ದಾರೆ. ಹೆಚ್ಚು ಗಲಾಟೆಯಾಗುತ್ತಿದ್ದ ಓಣಿಯಲ್ಲಿ ಪ್ರವಾಸಿಗರಿಗೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ಅವಕಾಶ. 2025ರ ಮಾರ್ಚ್‌ನಿಂದ, ಮೀರಿದವರಿಗೆ ಒಂದು ಲಕ್ಷ ವೊನ್ ದಂಡ. ಸೂರ್ಯೋದಯದ ಫೋಟೊಕ್ಕೆಂದು ಅಲ್ಲಿಗೆ ಹೋಗಬೇಡಿ.

ಸೊರಾಕ್ಸಾನ್: ಬಸ್ಸು ಮೊದಲನೆಯದೇ ಆಗಿರಲಿ

ಸೋಲ್‌ನ ಎಕ್ಸ್‌ಪ್ರೆಸ್ ಬಸ್ ನಿಲ್ದಾಣದಿಂದ ಸೊಕ್ಚೊಗೆ ಸುಮಾರು ಎರಡೂವರೆ ತಾಸು. ಸೊಕ್ಚೊ ಊರಿನಿಂದ 7 ಅಥವಾ 7-1ನೇ ನಂಬರಿನ ಬಸ್ಸು ಸೊರಾಕ್ಸಾನ್ ರಾಷ್ಟ್ರೀಯ ಉದ್ಯಾನದ ಬಾಗಿಲಿಗೇ ಹೋಗುತ್ತದೆ. ಅಕ್ಟೋಬರ್ ವಾರಾಂತ್ಯಗಳಲ್ಲಿ ಕಾರುಗಳು ಕಿಲೋಮೀಟರುಗಟ್ಟಲೆ ನಿಂತು ಅದೇ ರಸ್ತೆಯ ಬಸ್ಸೂ ಸಿಕ್ಕಿಬೀಳುತ್ತದೆ. ಆದ್ದರಿಂದ ಸೊಕ್ಚೊದ ಎರಡು ದಿನ ಸೋಮವಾರದಿಂದ ಗುರುವಾರದ ಒಳಗೆ ಬೀಳುವಂತೆ ನೋಡಿಕೊಳ್ಳಿ, ಬೆಳಗಿನ ಮೊದಲ ಬಸ್ಸು ಹಿಡಿಯಿರಿ. ಉದ್ಯಾನ ಪ್ರವೇಶಕ್ಕೆ ಶುಲ್ಕವಿಲ್ಲ.

ಒಂದೇ ದಿನಕ್ಕೆ ಸರಿಯಾದ ಚಾರಣ ಉಲ್ಸಾನ್‌ಬಾವಿ. 873 ಮೀಟರ್ ಎತ್ತರದ ಗ್ರಾನೈಟ್ ಬಂಡೆಗಳ ಸಾಲು. ಬಾಗಿಲಿನಿಂದ ಒಂದು ದಾರಿಗೆ ನಾಲ್ಕು ಕಿಲೋಮೀಟರಿಗೆ ತುಸು ಕಡಿಮೆ, ಹೋಗಿಬರಲು ನಾಲ್ಕು ತಾಸು. ಮೊದಲ ಭಾಗ ಸಿನ್ಹಂಗ್ಸಾ ಮಠದ ಪಕ್ಕದಲ್ಲಿ ಮೆಲ್ಲನೆ ಏರುತ್ತದೆ. ಮಧ್ಯದಲ್ಲಿ ಗುಹೆಯೊಳಗಿನ ಸಣ್ಣ ಗುಡಿ ಗ್ಯೆಜೊಆಮ್, ಅದರ ಮುಂದೆ ಒಬ್ಬರೇ ತಳ್ಳಿದರೂ ಅಲುಗಾಡುವ, ಆದರೆ ಉರುಳದ ದೊಡ್ಡ ಬಂಡೆ. ಕಷ್ಟವೆಲ್ಲ ಕೊನೆಯ ಒಂದು ಕಿಲೋಮೀಟರಿನಲ್ಲಿದೆ, ಬಂಡೆಗೆ ಬಿಗಿದ ಕಬ್ಬಿಣದ ಮೆಟ್ಟಿಲುಗಳು. ಜನ ಇಲ್ಲಿ ಸೋಲುವುದು ಹತ್ತುವಾಗಲ್ಲ, ಮಂಡಿ ನೋವಿನಿಂದ ಇಳಿಯುವಾಗ. ಊರುಗೋಲು ಒಯ್ಯಿರಿ. ತುದಿಯಲ್ಲಿ ಗಾಳಿ ಜೋರು. ಅಕ್ಟೋಬರಿನಲ್ಲೂ ಗಾಳಿ ತಡೆಯುವ ಜಾಕೆಟ್ ಬೇಕು.

ಜೊತೆಯಲ್ಲಿ ಹಿರಿಯರಿದ್ದರೆ ಬಿಸೊಂಡೆ ಎಂಬ ಬಂಡೆಯವರೆಗಿನ ಮೂರು ಕಿಲೋಮೀಟರ್ ದಾರಿ ಹಿಡಿಯಿರಿ. ಹೊಳೆಯ ಪಕ್ಕದಲ್ಲಿ ಹೆಚ್ಚುಕಡಿಮೆ ಸಮತಟ್ಟಾಗಿ ಸಾಗುತ್ತದೆ. ಕೇಬಲ್ ಕಾರ್ ಕೂಡ ಇದೆ. ಟಿಕೆಟ್ ಅವತ್ತಿನದು ಅಲ್ಲೇ ಕೊಳ್ಳಬೇಕು, ಗಾಳಿ ಹೆಚ್ಚಾದರೆ ನಿಲ್ಲಿಸುತ್ತಾರೆ. ಹಾಗಾಗಿ ದಿನದ ಯೋಜನೆಯನ್ನು ಅದರ ಮೇಲೆ ಕಟ್ಟಬೇಡಿ.

ಮುಂದಕ್ಕೆ ಸೋಲ್‌ಗೆ ಹಿಂತಿರುಗಬೇಕಿಲ್ಲ. ಸೊಕ್ಚೊದಿಂದ ಬಸ್ಸಿನಲ್ಲಿ ಗಂಗ್ನಂಗ್‌ಗೆ ಹೋಗಿ. ಅಲ್ಲಿಂದ ಪೂರ್ವ ಕರಾವಳಿಯಗುಂಟ ಬುಸಾನ್ ಕಡೆಗೆ ಹೋಗುವ ರೈಲು 2025ರ ಜನವರಿಯಲ್ಲಿ ಶುರುವಾಗಿದೆ, ದಾರಿ ಗ್ಯೊಂಗ್ಜು ಮೂಲಕವೇ. ದಿನಕ್ಕೆ ಕೆಲವೇ ಗಾಡಿಗಳಿರುವುದರಿಂದ, ಒಂದು ತಿಂಗಳು ಮೊದಲು ಬುಕಿಂಗ್ ತೆರೆದ ಕೂಡಲೇ ಸೀಟು ಹಿಡಿಯಿರಿ.

ಗ್ಯೊಂಗ್ಜು: ಮೂರು ದಿನ ಕೊಡಿ

ಕ್ರಿ.ಪೂ. 57ರಿಂದ ಕ್ರಿ.ಶ. 935ರವರೆಗೆ ಬಾಳಿದ ಸಿಲ್ಲಾ ರಾಜ್ಯದ ರಾಜಧಾನಿ ಇದು. ಸೋಲ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ಬರುವವರಿದ್ದಾರೆ. ಅದು ಈ ಊರಿಗೆ ಮಾಡುವ ಅನ್ಯಾಯ. ಹಳೆಯ ಗೈಡ್ ಪುಸ್ತಕ ನೋಡಿ ಹೋಗುವವರು ರೈಲು ನಿಲ್ದಾಣದಲ್ಲೇ ಎಡವುತ್ತಾರೆ. ಪೇಟೆಯೊಳಗಿನ ಹಳೆಯ ಗ್ಯೊಂಗ್ಜು ನಿಲ್ದಾಣ 2021ರ ಡಿಸೆಂಬರಿನಲ್ಲಿ ಮುಚ್ಚಿತು. ಊರಾಚೆ ಸಿಂಗ್ಯೊಂಗ್ಜು ಎಂದು ಕರೆಸಿಕೊಳ್ಳುತ್ತಿದ್ದ ನಿಲ್ದಾಣವೇ ಈಗ ಗ್ಯೊಂಗ್ಜು. ಅಲ್ಲಿಂದ ಪೇಟೆಗೆ ಬಸ್ಸು ಹಿಡಿಯಬೇಕು. ವಸತಿಯನ್ನು ನಿಲ್ದಾಣದ ಹತ್ತಿರ ಮಾಡಬೇಡಿ, ಡೇರಂಗ್ವೊನ್ ಸಮಾಧಿಗಳ ಸುತ್ತಮುತ್ತ ಮಾಡಿ.

ಮೊದಲ ದಿನ ಕಾಲ್ನಡಿಗೆಗೆ. ಹುಲ್ಲು ಹೊದ್ದ ದೊಡ್ಡ ದಿಬ್ಬಗಳೆಲ್ಲ ಸಿಲ್ಲಾ ಅರಸರ ಸಮಾಧಿಗಳು. 1973ರಲ್ಲಿ ಅಗೆದಾಗ ಚಿನ್ನದ ಕಿರೀಟ ಸಿಕ್ಕ ಚೊನ್ಮಾಚೊಂಗ್ ಸಮಾಧಿಯ ಒಳಗೆ ಹೋಗಬಹುದು. ಅಲ್ಲಿಂದ ಹತ್ತು ನಿಮಿಷ ನಡೆದರೆ ಏಳನೇ ಶತಮಾನದಲ್ಲಿ ಸೊಂಡೊಕ್ ರಾಣಿಯ ಕಾಲದಲ್ಲಿ ಕಟ್ಟಿದ, ಒಂಬತ್ತು ಮೀಟರ್ ಎತ್ತರದ ನಕ್ಷತ್ರ ವೀಕ್ಷಣೆಯ ಗೋಪುರ ಚೊಮ್ಸೊಂಗ್ಡೆ. ಕತ್ತಲಾದ ಮೇಲೆ ವೊಲ್ಜಿ ಕೊಳಕ್ಕೆ ಹೋಗಿ. ದೀಪ ಹಚ್ಚಿದ ಮಂಟಪಗಳ ನೆರಳು ನೀರಿನಲ್ಲಿ ಚೆನ್ನಾಗಿ ಕಾಣಬೇಕಾದರೆ ಗಾಳಿಯಿಲ್ಲದ ರಾತ್ರಿಯಾಗಿರಬೇಕು.

ಎರಡನೇ ದಿನ ತೊಹಾಮ್ಸಾನ್ ಬೆಟ್ಟಕ್ಕೆ. 10 ಅಥವಾ 11ನೇ ನಂಬರಿನ ಬಸ್ಸು ಬುಲ್ಗುಕ್ಸಾ ಮಠಕ್ಕೆ ಒಯ್ಯುತ್ತದೆ. ಆದರೆ ಮೊದಲು ಇನ್ನೂ ಮೇಲಿನ ಸೊಕ್ಕುರಾಮ್ ಗವಿಗೆ ಹೋಗಿ, ಅದನ್ನು ನೋಡಿ ಕಾಡಿನ ದಾರಿಯಲ್ಲಿ ಬುಲ್ಗುಕ್ಸಾಕ್ಕೆ ಇಳಿಯುವುದು ಮಂಡಿಗೂ ಮನಸ್ಸಿಗೂ ಹಿತ. ನಡಿಗೆ ಸುಮಾರು ಒಂದು ತಾಸು. 2023ರ ಮೇ ತಿಂಗಳಿಂದ ಎರಡಕ್ಕೂ ಪ್ರವೇಶ ಉಚಿತ.

ಸೊಕ್ಕುರಾಮ್ ನಮ್ಮ ಬಾದಾಮಿಯ ಗುಹೆಗಳಂತೆ ಬಂಡೆ ಕೊರೆದು ಮಾಡಿದ್ದಲ್ಲ. ಗ್ರಾನೈಟ್ ಚಪ್ಪಡಿಗಳನ್ನು ಗುಮ್ಮಟದಂತೆ ಜೋಡಿಸಿ, ಮೇಲೆ ಮಣ್ಣು ಮುಚ್ಚಿ ಎಂಟನೇ ಶತಮಾನದಲ್ಲಿ ಕಟ್ಟಿದ ಗವಿ. ಒಳಗೆ ಪೂರ್ವದ ಕಡಲಿಗೆ ಮುಖ ಮಾಡಿ ಕುಳಿತ ಸುಮಾರು ಮೂರೂವರೆ ಮೀಟರಿನ ಬುದ್ಧ. ಇಪ್ಪತ್ತನೇ ಶತಮಾನದ ಮೊದಲಲ್ಲಿ ಜಪಾನಿ ಆಡಳಿತ ದುರಸ್ತಿಗೆಂದು ಹೊರಗೆ ಕಾಂಕ್ರೀಟ್ ಹಾಕಿತು. ಕಲ್ಲುಗಳ ನಡುವಿನ ಗಾಳಿಯಾಟ ನಿಂತು ಒಳಗೆ ತೇವ ಕಟ್ಟತೊಡಗಿತು. ಅದಕ್ಕೇ ಈಗ ಗಾಜಿನ ಆಚೆಯಿಂದ ನೋಡಬೇಕು, ಒಳಗೆ ಯಂತ್ರದಿಂದ ತೇವ ತೆಗೆಯುತ್ತಾರೆ. ಫೋಟೊ ತೆಗೆಯುವಂತಿಲ್ಲ. ಜನ ಮುನ್ನುಗ್ಗಿ ಎರಡು ನಿಮಿಷದಲ್ಲಿ ಹೊರಬರುತ್ತಾರೆ. ಗುಂಪು ಸರಿಯುವವರೆಗೆ ಬದಿಯಲ್ಲಿ ನಿಂತಿದ್ದು ಮತ್ತೆ ನೋಡಿ.

ಬುಲ್ಗುಕ್ಸಾದಲ್ಲಿ ಒಂದೇ ಅಂಗಳದಲ್ಲಿ ಎರಡು ಸ್ತೂಪ. ಸೊಕ್ಕಾತಾಪ್ ಸರಳ, ದಬೊತಾಪ್ ಕುಸುರಿಯದು. ಎರಡನೆಯದು 10 ವೊನ್ ನಾಣ್ಯದ ಮೇಲೂ ಇದೆ. ಈ ಮಠಗಳಿಗೂ ಭಾರತಕ್ಕೂ ಇದ್ದ ನಂಟು ಬರೀ ಧರ್ಮದ್ದಲ್ಲ: ಸಿಲ್ಲಾದ ಹೆಚೊ ಎಂಬ ಭಿಕ್ಷು ಎಂಟನೇ ಶತಮಾನದಲ್ಲಿ ಭಾರತವನ್ನೆಲ್ಲ ಸುತ್ತಿ ಕಂಡದ್ದನ್ನು ಬರೆದಿಟ್ಟ. ಅದರ ಹಸ್ತಪ್ರತಿ 1908ರಲ್ಲಿ ಚೀನಾದ ಡುನ್‌ಹುವಾಂಗ್ ಗವಿಯಲ್ಲಿ ಸಿಕ್ಕಿತು.

ಮೂರನೇ ದಿನ ನಾಮ್ಸಾನ್. ಸೋಲ್‌ನಲ್ಲೂ ಇದೇ ಹೆಸರಿನ ಗುಡ್ಡವಿದೆ, ಇದು ಬೇರೆ. 500 ಮೀಟರೂ ಮುಟ್ಟದ ಈ ಬೆಟ್ಟದ ತುಂಬ ಬಂಡೆಯಲ್ಲಿ ಕೆತ್ತಿದ ಬುದ್ಧರು, ತಲೆಯಿಲ್ಲದ ಮೂರ್ತಿಗಳು, ಒಂಟಿ ಸ್ತೂಪಗಳು. ಸಾಮ್ನುಂಗ್ ಪೈನ್ ತೋಪಿನ ಕಡೆಯಿಂದ ಹತ್ತಿದರೆ ಒಂದರ ಹಿಂದೆ ಒಂದು ಸಿಗುತ್ತವೆ. ನೀರು ಕೆಳಗೇ ತುಂಬಿಕೊಳ್ಳಿ, ಮೇಲೆ ಅಂಗಡಿಯಿಲ್ಲ.

ಹೇಇನ್ಸಾದಲ್ಲಿ ಒಂದು ರಾತ್ರಿ

ಗ್ಯೊಂಗ್ಜುವಿನಿಂದ ಡೊಂಗ್‌ಡೇಗು ನಿಲ್ದಾಣಕ್ಕೆ ಕೆಟಿಎಕ್ಸ್ ರೈಲಿನಲ್ಲಿ ಇಪ್ಪತ್ತು ನಿಮಿಷ. ಡೇಗು ಮೆಟ್ರೊದಲ್ಲಿ ಸೊಬು ಬಸ್ ನಿಲ್ದಾಣಕ್ಕೆ ಹೋಗಿ. ಅಲ್ಲಿಂದ ಗಯಾಸಾನ್ ಬೆಟ್ಟದ ಹೇಇನ್ಸಾಕ್ಕೆ ಒಂದೂವರೆ ತಾಸು. ಮಂಗೋಲರ ದಾಳಿಯ ದಿನಗಳಲ್ಲಿ, 1236ರಿಂದ 1251ರವರೆಗೆ, ಮರದ ಹಲಗೆಗಳಲ್ಲಿ ಕೆತ್ತಿದ ಬೌದ್ಧ ತ್ರಿಪಿಟಕ ಇಲ್ಲಿದೆ. 80 ಸಾವಿರಕ್ಕೂ ಹೆಚ್ಚು ಹಲಗೆಗಳು. ಹುಳ ಹಿಡಿಯದೆ, ಬಾಗದೆ ಉಳಿಯಲು ಕಾರಣ ಕಟ್ಟಡದ ಕಿಟಕಿಗಳು. ಮುಂದಿನ ಗೋಡೆಯಲ್ಲಿ ಕೆಳಗಿನ ಕಿಟಕಿ ದೊಡ್ಡದು, ಮೇಲಿನದು ಸಣ್ಣದು. ಹಿಂದಿನ ಗೋಡೆಯಲ್ಲಿ ಇದಕ್ಕೆ ತಿರುಗುಮುರುಗು. ಒಳಬಂದ ಗಾಳಿ ಎಲ್ಲ ಕಪಾಟುಗಳನ್ನೂ ಸುತ್ತಿಯೇ ಹೊರಹೋಗಬೇಕು. ನೆಲದಡಿ ಇದ್ದಿಲು, ಉಪ್ಪು, ಸುಣ್ಣ ಹಾಕಿರುವುದು ತೇವ ಹೀರಲು. ಸಾಮಾನ್ಯ ಭೇಟಿಗಾರರು ಹಲಗೆಗಳನ್ನು ಕಿಟಕಿಯ ಸರಳುಗಳ ನಡುವಿನಿಂದ ನೋಡಬೇಕು.

ಮಠವಾಸದ ಏರ್ಪಾಡು ದೇಶದಲ್ಲಿ ಶುರುವಾದದ್ದು 2002ರ ಫುಟ್‌ಬಾಲ್ ವಿಶ್ವಕಪ್ ಕಾಲದಲ್ಲಿ. ‘ಟೆಂಪಲ್‌ಸ್ಟೇ’ ಜಾಲತಾಣದಲ್ಲಿ ಮಠ, ದಿನ ಆರಿಸಿ ಮೊದಲೇ ಕಾಯ್ದಿರಿಸಿ. ಇಂಗ್ಲಿಷಿನಲ್ಲಿ ನಡೆಸುತ್ತಾರೆಯೇ ಎಂದು ನೋಡಿಕೊಳ್ಳಿ. ಉಡುಪು ಅವರೇ ಕೊಡುತ್ತಾರೆ. ಕಾಲುಚೀಲ ನಿಮ್ಮದು, ಬರಿಗಾಲಲ್ಲಿ ಗುಡಿಯೊಳಗೆ ಹೋಗುವುದು ಅಲ್ಲಿ ಮರ್ಯಾದೆಯಲ್ಲ. ನಸುಕಿನ ನಾಲ್ಕರ ಹೊತ್ತಿಗೆ ಏಳಬೇಕು, ರಾತ್ರಿ ಒಂಬತ್ತಕ್ಕೆ ದೀಪ ಆರಿಸುತ್ತಾರೆ. 108 ನಮಸ್ಕಾರ ಮಾಡುವಾಗ ಮಂಡಿ ನೋಯುವವರು ಕುಳಿತೇ ಇರಬಹುದು, ಮೊದಲೇ ಹೇಳಿ. ಊಟದಲ್ಲಿ ಬಟ್ಟಲಿಗೆ ಹಾಕಿಸಿಕೊಂಡದ್ದನ್ನು ಬಿಡುವಂತಿಲ್ಲ, ಹಾಗಾಗಿ ಕಡಿಮೆ ಹಾಕಿಸಿಕೊಳ್ಳಿ.

ಸಸ್ಯಾಹಾರಿಗಳ ಊಟ

ಇಡೀ ಪ್ರವಾಸದಲ್ಲಿ ಸಸ್ಯಾಹಾರಿಗಳು ನಿಶ್ಚಿಂತೆಯಿಂದ ಉಣ್ಣಬಹುದಾದ ಜಾಗ ಮಠ. ಮಾಂಸ, ಮೀನಿಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಹೊರಗೆ ಹಾಗಲ್ಲ. ಕಿಮ್ಚಿಗೆ ಸಾಮಾನ್ಯವಾಗಿ ಮೀನಿನ ರಸ ಇಲ್ಲವೇ ಉಪ್ಪು ಹಾಕಿದ ಸೀಗಡಿ ಸೇರಿರುತ್ತದೆ. ತರಕಾರಿ ಸಾರಿನ ನೀರಿಗೂ ಒಣಮೀನು ಕುದಿಸಿರುತ್ತಾರೆ. ‘ಮಾಂಸ ಬೇಡ’ ಎಂದರೆ ಮೇಲಿನ ತುಂಡು ಮಾತ್ರ ತೆಗೆದುಕೊಡುತ್ತಾರೆ. ಮೀನು, ಸಾರಿನ ನೀರು ಎರಡನ್ನೂ ಹೆಸರಿಸಿ ಬೇಡವೆಂದು ಕೊರಿಯನ್‌ನಲ್ಲಿ ಬರೆಸಿದ ಚೀಟಿ ಇಟ್ಟುಕೊಳ್ಳಿ. ತರಕಾರಿ ಹಾಕಿ ಕಲಸಿ ತಿನ್ನುವ ಅನ್ನ ಬಿಬಿಂಬಾಪ್ ಕೇಳುವಾಗ ಮಾಂಸ, ಮೊಟ್ಟೆ ಬಿಡಲು ಹೇಳಿ, ಕಾರದ ಗೊಜ್ಜನ್ನು ಬೇರೆ ಬಟ್ಟಲಲ್ಲಿ ಕೇಳಿ. ಕೆಲವರು ಅದರಲ್ಲೂ ಮಾಂಸ ಹುರಿದು ಸೇರಿಸುತ್ತಾರೆ. ದಾರಿಯಲ್ಲಿ ಸಿಗುವ ಗಂಗ್ನಂಗ್‌ನ ಚೊಡಾಂಗ್ ಬಡಾವಣೆ ಕಡಲ ನೀರಿನಿಂದ ಹೆಪ್ಪುಗಟ್ಟಿಸಿದ ಮೆತ್ತನೆಯ ತೋಫುವಿಗೆ ಹೆಸರಾದದ್ದು. ಕೆಂಪು ಸಾರಿನದಲ್ಲ, ಬಿಳಿಯದನ್ನು ಕೇಳಿ. ಕನ್ವೀನಿಯನ್ಸ್ ಸ್ಟೋರ್‌ಗಳಲ್ಲಿ ಎರಡು ನಿಮಿಷ ಮೈಕ್ರೊವೇವ್‌ನಲ್ಲಿಟ್ಟರೆ ಬಿಸಿಯಾಗುವ ಅನ್ನದ ಡಬ್ಬಿ ಸಿಗುತ್ತದೆ. ಅದಕ್ಕೆ ಊರಿನ ಚಟ್ನಿಪುಡಿ ಸಾಕು. ಹಸಿ ಹಣ್ಣು, ಬೀಜ, ಕರಿಬೇವು ಮಾತ್ರ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ.

ಜೆಜು ದ್ವೀಪವನ್ನು ಸೇರಿಸಬೇಕೆಂದರೆ

ಹತ್ತು ದಿನದಲ್ಲಿ ತುರುಕಬೇಡಿ, ಇನ್ನೂ ಮೂರು ದಿನ ಸೇರಿಸಿ. ಸೋಲ್‌ನಿಂದ ಜೆಜುಗೆ ವಿಮಾನಗಳು ಹೊರಡುವುದು ಗಿಂಪೊ ನಿಲ್ದಾಣದಿಂದ. ಅಭ್ಯಾಸಬಲದಿಂದ ಇಂಚಾನ್‌ಗೆ ಹೋದವರು ವಿಮಾನ ತಪ್ಪಿಸಿಕೊಳ್ಳುತ್ತಾರೆ. ನೇರ ಜೆಜುವಿಗೇ ಇಳಿಯುವವರಿಗೆ ಇರುವ ವೀಸಾ ವಿನಾಯಿತಿಯಲ್ಲಿ ಅಲ್ಲಿಂದ ಮುಖ್ಯ ನಾಡಿಗೆ ದಾಟುವಂತಿಲ್ಲ. ದಕ್ಷಿಣ ಕೊರಿಯಾದ ಅತಿ ಎತ್ತರದ ಬೆಟ್ಟ, 1,947 ಮೀಟರಿನ ಹಲ್ಲಾಸಾನ್ ತುದಿಗೆ ಸೊಂಗ್ಪಾನಾಕ್ ದಾರಿಯಲ್ಲಿ 9.6 ಕಿಲೋಮೀಟರ್, ಗ್ವಾನುಮ್ಸಾ ದಾರಿಯಲ್ಲಿ 8.7. ಎರಡಕ್ಕೂ ಮುಂಗಡ ಬುಕಿಂಗ್ ಕಡ್ಡಾಯ. ಮಧ್ಯದ ತಂಗುದಾಣವನ್ನು ಮಧ್ಯಾಹ್ನದ ಹೊತ್ತಿಗೆ ದಾಟದವರನ್ನು ಅಲ್ಲಿಂದಲೇ ವಾಪಸ್ ಕಳಿಸುತ್ತಾರೆ, ಗಡುವು ಋತುವಿಗೆ ತಕ್ಕಂತೆ ಬದಲಾಗುತ್ತದೆ. ಅಷ್ಟು ಶಕ್ತಿ ಇಲ್ಲದವರಿಗೆ 182 ಮೀಟರಿನ ಸೊಂಗ್ಸಾನ್ ಇಲ್ಚುಲ್ಬೊಂಗ್ ಇದೆ. ಕಡಲಿನೊಳಗೆ ಸಿಡಿದ ಜ್ವಾಲಾಮುಖಿ ಬಿಟ್ಟುಹೋದ ಬಟ್ಟಲು ಅದು, ಮೆಟ್ಟಿಲಲ್ಲಿ ಅರ್ಧ ತಾಸು. ತಿಂಗಳ ಮೊದಲ ಸೋಮವಾರ ಮೇಲೆ ಹತ್ತಲು ಬಿಡುವುದಿಲ್ಲ.